ಎತ್ತರ ಕೇಳದ ಲ್ಯಾಬ್ ಚೀಟಿ

ಐದು ವರ್ಷದ ಹುಡುಗಿಯ ರಕ್ತ ಪರೀಕ್ಷೆಯ ಚೀಟಿಯೊಂದು ಎದುರಿಗಿದೆ ಎಂದುಕೊಳ್ಳಿ. ಸೀರಂ ಕ್ರಿಯಾಟಿನಿನ್ ಡೆಸಿಲೀಟರಿಗೆ 0.9 ಮಿಲಿಗ್ರಾಂ. ಪಕ್ಕದ ಸಾಲಿನಲ್ಲಿ ಅಚ್ಚಾಗಿರುವ ನಾರ್ಮಲ್ ಮಿತಿ 0.6ರಿಂದ 1.2. ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿಲ್ಲ, ಪಕ್ಕಕ್ಕೆ ನಕ್ಷತ್ರದ ಗುರುತೂ ಇಲ್ಲ. ಚೀಟಿ ಹಿಡಿದುಕೊಂಡು ಬಂದವರು ಮನೆಯಲ್ಲಿ 'ಕಿಡ್ನಿ ನಾರ್ಮಲ್ ಐತಂತೆ' ಎನ್ನುತ್ತಾರೆ. ಆದರೆ ಆ ಮಿತಿ ದೊಡ್ಡವರದು. ಐದು ವರ್ಷದ ಮಗುವಿನ ರಕ್ತದಲ್ಲಿ ಕ್ರಿಯಾಟಿನಿನ್ ಇರಬೇಕಾದದ್ದು ಸುಮಾರು 0.3ರಿಂದ 0.5. ಹುಡುಗಿಯ ಎತ್ತರ 105 ಸೆಂಟಿಮೀಟರ್ ಇದ್ದರೆ, ಅದನ್ನು 0.413ರಿಂದ ಗುಣಿಸಿ 0.9ರಿಂದ ಭಾಗಿಸಿದಾಗ ಬರುವುದು 48, ಮೂತ್ರಪಿಂಡಗಳು ರಕ್ತವನ್ನು ಸೋಸುವ ವೇಗದ ಅಂದಾಜು. ಆರೋಗ್ಯವಂತ ಮಗುವಿಗೆ ಈ ಲೆಕ್ಕ 90ರ ಮೇಲೆ ನಿಲ್ಲಬೇಕು. ಎರಡೂ ಮೂತ್ರಪಿಂಡಗಳ ಕೆಲಸ ಸೇರಿ ಅರ್ಧಕ್ಕೆ ಇಳಿದಿದೆ, ಚೀಟಿ ಮಾತ್ರ ತೆಪ್ಪಗಿದೆ.

ಈ ಗುಣಾಕಾರ, ಭಾಗಾಕಾರ ಕಂಡುಕೊಳ್ಳಲು ವೈದ್ಯಲೋಕಕ್ಕೆ 90 ವರ್ಷ ಹಿಡಿಯಿತು. ಆ ಕಥೆಯನ್ನು ರಾಂಪುರದ ಕಡೆಯಿಂದ ಹೇಳುವುದಕ್ಕೆ ಕಾರಣವಿದೆ. ಬಳ್ಳಾರಿ–ಹಿರಿಯೂರು ಹೆದ್ದಾರಿಯ ಮೇಲೆ, ಮೊಳಕಾಲ್ಮೂರು ತಾಲ್ಲೂಕಿನ ಆ ಊರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಆಂಧ್ರದ ರಾಯದುರ್ಗವೂ ಪಕ್ಕದಲ್ಲೇ. ಬೆಳಗಾಗುವಷ್ಟರಲ್ಲಿ ಮಗುವಿನ ಮುಖ ಊದಿಕೊಂಡಿದ್ದರೆ, ಕಾಲಿಗೆ ಬಾವು ಬಂದಿದ್ದರೆ, ಹುಡುಗ ಹನಿಹನಿಯಾಗಿ ಒಂದಕ್ಕೆ ಮಾಡುತ್ತಿದ್ದರೆ ಈ ಭಾಗದವರು ಬಳ್ಳಾರಿಯ ಬಸ್ಸು ಹತ್ತುತ್ತಾರೆ. 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, ಮುಂದೆ ವಿಮ್ಸ್ ಎಂದು ಹೆಸರಾದದ್ದು, ಇರುವುದು ಅಲ್ಲೇ. ಮಕ್ಕಳ ಮೂತ್ರಪಿಂಡಕ್ಕೆಂದೇ ತಜ್ಞರು ಬೇಕಾದರೆ ಸಾಮಾನ್ಯವಾಗಿ ಬೆಂಗಳೂರಿಗೆ ಹೋಗಬೇಕು. ಹೀಗೆ ದೂರದೂರಕ್ಕೆ ಹಂಚಿಹೋದ ಚಿಕಿತ್ಸೆಯಲ್ಲಿ ಮೊದಲ ತೀರ್ಮಾನ ಆಗುವುದು ಹತ್ತಿರದ ಲ್ಯಾಬಿನ ಒಂದು ಅಂಕಿಯ ಮೇಲೆ. ಆ ಅಂಕಿಯನ್ನು ಓದುವುದು ಹೇಗೆಂದು ಗೊತ್ತಿದ್ದರೆ ಮಗು ಸಕಾಲಕ್ಕೆ ಬೆಂಗಳೂರು ಸೇರುತ್ತದೆ. ಗೊತ್ತಿಲ್ಲದಿದ್ದರೆ ಎರಡು ಮೂರು ವರ್ಷ ಕಳೆದು ಡಯಾಲಿಸಿಸ್‌ಗೆ ಸೇರುತ್ತದೆ.

ಈ ಸೀಮೆಯಿಂದ ಕಥೆ ಹೇಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳು ಅದನ್ನು ಯಾವ ಪರೀಕ್ಷೆಯೂ ಇಲ್ಲದೆ ಹೇಳುತ್ತವೆ. ಮೈಯೊಳಗೆ ಹೋದ ಫ್ಲೋರೈಡನ್ನು ಹೊರಹಾಕುವ ಮುಖ್ಯ ದಾರಿ ಮೂತ್ರಪಿಂಡ. ಅದು ಸೋತ ಮಗುವಿನಲ್ಲಿ ಫ್ಲೋರೈಡ್ ಹೊರಗೆ ಹೋಗುವುದು ಕಡಿಮೆಯಾಗಿ ಎಲುಬಿನಲ್ಲಿ ಹೆಚ್ಚು ಕೂಡಿಕೊಳ್ಳುತ್ತದೆ. ಬೇರೆ ಊರಿನಲ್ಲಿ ತಡವಾಗಿ ತಿಳಿದರೆ ಆಗುವ ನಷ್ಟಕ್ಕಿಂತ ಇಲ್ಲಿ ತಡವಾಗಿ ತಿಳಿದರೆ ಆಗುವ ನಷ್ಟ ದೊಡ್ಡದು.

ಕಥೆ ಆರಂಭವಾಗುವುದು 1886ರಲ್ಲಿ, ಆಗ ಜರ್ಮನಿಯಲ್ಲಿದ್ದ, ಈಗ ರಷ್ಯಾದ ಕಲಿನಿನ್‌ಗ್ರಾಡ್ ಆಗಿರುವ ಕ್ಯೋನಿಗ್ಸ್‌ಬರ್ಗ್ ನಗರದಲ್ಲಿ. ಅಲ್ಲಿನ ಪ್ರಾಧ್ಯಾಪಕ ಮ್ಯಾಕ್ಸ್ ಯಾಫೆ ಮೂತ್ರಕ್ಕೆ ಪಿಕ್ರಿಕ್ ಆಮ್ಲ ಮತ್ತು ಕ್ಷಾರ ಬೆರೆಸಿದಾಗ ಹಳದಿ ದ್ರಾವಣ ಕಿತ್ತಳೆ ಕೆಂಪಿಗೆ ತಿರುಗುವುದನ್ನು ಗಮನಿಸಿದ. ಆ ಬಣ್ಣ ತರುವ ವಸ್ತು ಕ್ರಿಯಾಟಿನಿನ್ ಎಂದು ತೋರಿಸಿಕೊಟ್ಟ. ಅದರಿಂದ ರೋಗಿಯ ಮೂತ್ರಪಿಂಡವನ್ನು ಅಳೆಯುವ ಆಲೋಚನೆ ಅವನಿಗೆ ಬಂದಿರಲಿಲ್ಲ. ಅವನದು ರಸಾಯನಶಾಸ್ತ್ರದ ಕುತೂಹಲ. ನಮ್ಮ ಲ್ಯಾಬುಗಳಲ್ಲಿ ಇಂದಿಗೂ 'ಜಾಫೆ ವಿಧಾನ' ಎಂದು ಕರೆಯುವುದು ಅದನ್ನೇ. ಇಷ್ಟು ಹಳೆಯ ರಾಸಾಯನಿಕ ಪರೀಕ್ಷೆಯೊಂದು ಇಷ್ಟು ಕಾಲ ದಿನನಿತ್ಯದ ಬಳಕೆಯಲ್ಲಿ ಉಳಿದಿರುವುದು ವಿರಳ. ಉಳಿದದ್ದಕ್ಕೆ ಕಾರಣ ಅದು ಅಗ್ಗವಾಗಿರುವುದು. ಆ ಅಗ್ಗಕ್ಕೆ ತೆರುವ ಬೆಲೆ ಏನೆಂಬುದು ಮುಂದೆ ಬರುತ್ತದೆ.

ಬಣ್ಣವನ್ನು ಅಂಕಿಯಾಗಿ ಮಾಡಿದವನು ಒಟ್ಟೊ ಫೋಲಿನ್. ಸ್ವೀಡನ್‌ನಲ್ಲಿ ಹುಟ್ಟಿ ಹರೆಯದಲ್ಲಿ ಅಮೆರಿಕಕ್ಕೆ ಹೋದವನು. ಬಾಸ್ಟನ್ ಬಳಿಯ ಮೆಕ್ಲೀನ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ ಅವನಿಗೆ ಒಂದು ಪ್ರಯೋಗಾಲಯ ಸಿಕ್ಕಿತು. ಅಲ್ಲಿನ ರೋಗಿಗಳ ಮತ್ತು ಆರೋಗ್ಯವಂತರ 24 ಗಂಟೆಯ ಮೂತ್ರವನ್ನು ಕೂಡಿಹಾಕಿ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆಯುವುದು ಅವನ ಕೆಲಸ. 1904ರಲ್ಲಿ ಅವನು ಯಾಫೆಯ ಬಣ್ಣವನ್ನು ಅಳತೆಗೆ ತಂದ. ಅವನು ಬಳಸಿದ ಡ್ಯೂಬೋಸ್ಕ್ ಎಂಬ ಉಪಕರಣದಲ್ಲಿ ಎರಡು ಗಾಜಿನ ಬಟ್ಟಲು. ಒಂದರಲ್ಲಿ ಗೊತ್ತಿರುವ ಬಣ್ಣದ ಪೊಟ್ಯಾಶಿಯಂ ಡೈಕ್ರೊಮೇಟ್ ದ್ರಾವಣ, ಇನ್ನೊಂದರಲ್ಲಿ ಪರೀಕ್ಷೆಯ ಮೂತ್ರ. ಮೇಲಿನ ಕಣ್ಣುಗಾಜಿನಲ್ಲಿ ನೋಡಿದರೆ ಒಂದು ವೃತ್ತ ಎರಡು ಹೋಳಾಗಿ ಕಾಣುತ್ತದೆ, ಹೋಳಿಗೊಂದು ಬಟ್ಟಲಿನ ಬಣ್ಣ. ಬಟ್ಟಲನ್ನು ಮೇಲೆ ಕೆಳಗೆ ಸರಿಸುತ್ತ ಎರಡು ಹೋಳುಗಳ ನಡುವಿನ ಗೆರೆ ಮಾಯವಾಗುವ ಜಾಗದಲ್ಲಿ ನಿಲ್ಲಿಸಬೇಕು. ಆ ಕ್ಷಣದ ದ್ರಾವಣದ ಆಳವೇ ಉತ್ತರ. ಕಣ್ಣನ್ನು ನಂಬಿದ ಅಳತೆ ಅದು, ಆದರೂ ಅದರಿಂದ ಫೋಲಿನ್ ಕಂಡದ್ದು ದೊಡ್ಡ ಸತ್ಯ. ಊಟ ಬದಲಾದರೆ ಮೂತ್ರದ ಯೂರಿಯಾ ಏರುತ್ತದೆ, ಇಳಿಯುತ್ತದೆ; ಕ್ರಿಯಾಟಿನಿನ್ ಮಾತ್ರ ಒಬ್ಬ ಮನುಷ್ಯನಲ್ಲಿ ದಿನದಿಂದ ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊರಬೀಳುತ್ತದೆ, ಮಾಂಸವಿಲ್ಲದ ಊಟದಲ್ಲೂ. ಅದು ತಟ್ಟೆಯಿಂದ ಬರುವುದಲ್ಲ, ಮೈಯಿಂದ ಬರುವುದು.

ಮೈಯಲ್ಲಿ ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ತುಂಬಿದವರಲ್ಲಿ ನಮ್ಮ ನೆರೆಯವನೊಬ್ಬನಿದ್ದಾನೆ. ಯಲ್ಲಾಪ್ರಗಡ ಸುಬ್ಬಾರಾವ್, 1895ರಲ್ಲಿ ಗೋದಾವರಿ ಸೀಮೆಯ ಭೀಮವರಂನಲ್ಲಿ ಹುಟ್ಟಿದವನು. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಖಾದಿ ತೊಟ್ಟದ್ದಕ್ಕೆ ಬಿಳಿಯ ಪ್ರಾಧ್ಯಾಪಕರ ಕೋಪಕ್ಕೆ ಸಿಕ್ಕಿ, ಪೂರ್ತಿ ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಪದವಿ ಪಡೆದವನು. ಆಗ ಬಳ್ಳಾರಿ, ರಾಯದುರ್ಗಗಳು ಅದೇ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದವು. ಮೊಳಕಾಲ್ಮೂರು ಮಾತ್ರ ಮೈಸೂರು ಸಂಸ್ಥಾನದಲ್ಲಿತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಗಡಿ ಅತ್ತಿತ್ತ ಸರಿದರೂ ಈ ಸೀಮೆಯ ಮನೆಗಳಲ್ಲಿ ಕನ್ನಡ ತೆಲುಗು ಎರಡೂ ಉಳಿದವು. ಸುಬ್ಬಾರಾವ್ ಹೆಸರನ್ನು ನೆರೆಹೊರೆಯ ಹೆಸರೆಂದು ಹೇಳಿಕೊಳ್ಳುವ ಹಕ್ಕು ಇಲ್ಲಿನವರಿಗಿದೆ.

ಸುಬ್ಬಾರಾವ್ 1923ರಲ್ಲಿ ಬಾಸ್ಟನ್ ತಲುಪಿದ. ಖರ್ಚಿಗಾಗಿ ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಆಳಿನ ಕೆಲಸ ಮಾಡಿದ. ಹಾರ್ವರ್ಡಿನ ಜೀವರಸಾಯನ ವಿಭಾಗ ಸೇರಿದಾಗ ಅದರ ಮುಖ್ಯಸ್ಥನಾಗಿದ್ದವನು ಇದೇ ಒಟ್ಟೊ ಫೋಲಿನ್. ಅಲ್ಲಿ ಸೈರಸ್ ಫಿಸ್ಕೆಯ ಜೊತೆ ರಕ್ತದ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದ. ಜೀವರಸಾಯನಶಾಸ್ತ್ರ ಓದುವವರು ಫಿಸ್ಕೆ–ಸುಬ್ಬಾರಾವ್ ವಿಧಾನವನ್ನು ಈಗಲೂ ಕಲಿಯುತ್ತಾರೆ. 1927ರಲ್ಲಿ ಇಬ್ಬರೂ ಸ್ನಾಯುವಿನಲ್ಲಿ ಕ್ರಿಯಾಟಿನ್ ಮತ್ತು ರಂಜಕ ಕೂಡಿಕೊಂಡಿರುವ ಫಾಸ್ಫೋಕ್ರಿಯಾಟಿನ್ ಎಂಬ ಸಂಯುಕ್ತವನ್ನು ಕಂಡುಹಿಡಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಗ್ಲ್‌ಟನ್ ದಂಪತಿಯೂ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಸ್ನಾಯು ದಿಢೀರನೆ ಕೆಲಸ ಮಾಡಬೇಕಾದಾಗ ಶಕ್ತಿ ಕೊಡುವ ದಾಸ್ತಾನು ಅದು. ಅದರಲ್ಲಿನ ಕ್ರಿಯಾಟಿನ್‌ನಲ್ಲಿ ಒಂದು ಸಣ್ಣ ಪಾಲು, ನೂರಕ್ಕೆ ಎರಡರೊಳಗೆ, ಪ್ರತಿದಿನ ತಾನಾಗಿ ಕ್ರಿಯಾಟಿನಿನ್ ಆಗಿ ರಕ್ತಕ್ಕೆ ಜಾರುತ್ತದೆ. ಸುಬ್ಬಾರಾವ್ ಮುಂದೆ ಲೆಡರ್ಲಿಯಲ್ಲಿ ಫೋಲಿಕ್ ಆಮ್ಲ ಮತ್ತು ಮಕ್ಕಳ ರಕ್ತ ಕ್ಯಾನ್ಸರಿನ ಔಷಧಗಳಿಗಾಗಿ ದುಡಿದು 1948ರಲ್ಲಿ ತೀರಿಕೊಂಡ. ಅವನನ್ನು ನೆನೆಯುವವರು ಆ ಔಷಧಗಳಿಗಾಗಿ ನೆನೆಯುತ್ತಾರೆ. ಲ್ಯಾಬಿನ ಕಿಡ್ನಿ ಪರೀಕ್ಷೆಯ ಬುಡದಲ್ಲೂ ಅವನ ಕೆಲಸವಿದೆ ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು.

ಇಲ್ಲಿಗೆ ಒಂದು ಸಂಗತಿ ಸ್ಪಷ್ಟ. ರಕ್ತದ ಕ್ರಿಯಾಟಿನಿನ್ ಏಕಕಾಲಕ್ಕೆ ಎರಡು ವಿಷಯ ಹೇಳುತ್ತದೆ: ಮೈಯಲ್ಲಿ ಸ್ನಾಯು ಎಷ್ಟಿದೆ, ಮೂತ್ರಪಿಂಡ ಅದನ್ನು ಎಷ್ಟು ಚುರುಕಾಗಿ ಸೋಸಿ ಹಾಕುತ್ತಿದೆ. ದೊಡ್ಡವರಲ್ಲಿ ಮೊದಲನೆಯದು ವರ್ಷಗಟ್ಟಲೆ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಅಂಕಿ ಏರಿದರೆ ಮೂತ್ರಪಿಂಡ ಸೋಲುತ್ತಿದೆ ಎಂದು ನೇರವಾಗಿ ಹೇಳಬಹುದು. ಮಗುವಿನಲ್ಲಿ ಸ್ನಾಯು ತಿಂಗಳು ತಿಂಗಳಿಗೂ ಬೆಳೆಯುತ್ತದೆ. ಹುಟ್ಟಿದ ಕೂಸಿನ ಮೊದಲ ಕೆಲವು ದಿನಗಳಲ್ಲಂತೂ ಅದರ ರಕ್ತದಲ್ಲಿರುವುದು ಬಹುಪಾಲು ತಾಯಿಯ ಕ್ರಿಯಾಟಿನಿನ್. ಮೂತ್ರಪಿಂಡವೂ ಸುಮ್ಮನಿರುವುದಿಲ್ಲ: ಕೂಸಿನ ಸೋಸುವ ವೇಗ ಮೈಯ ಅಳತೆಗೆ ಹೋಲಿಸಿದರೂ ದೊಡ್ಡವರಿಗಿಂತ ತೀರ ಕಡಿಮೆ, ಅದು ದೊಡ್ಡವರ ಮಟ್ಟ ಮುಟ್ಟುವುದು ಎರಡು ವರ್ಷದ ಸುಮಾರಿಗೆ. ಎರಡೂ ಕಡೆ ಓಡುತ್ತಿರುವಾಗ ಒಂದೇ ಅಂಕಿಯಿಂದ ಏನು ತೀರ್ಮಾನಿಸುವುದು?

ಹಾಗಾಗಿ ರಕ್ತದ ಅಂಕಿಯನ್ನು ಬಿಟ್ಟು ಸೋಸುವ ವೇಗವನ್ನೇ ಅಳೆಯಲು ಹೊರಟ ಕಾಲವೊಂದು ಬಂತು. 1926ರಲ್ಲಿ ಕೋಪನ್‌ಹೇಗನ್ನಿನ ಪೌಲ್ ಬ್ರಾಂಟ್ ರೇಬರ್ಗ್ ತಾನೇ ಕ್ರಿಯಾಟಿನಿನ್ ನುಂಗಿ, ರಕ್ತದಲ್ಲಿ ಎಷ್ಟು ಉಳಿಯಿತು, ಮೂತ್ರದಲ್ಲಿ ಎಷ್ಟು ಬಂತು ಎಂದು ಲೆಕ್ಕ ಹಾಕಿದ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಡೊನಾಲ್ಡ್ ವಾನ್ ಸ್ಲೈಕ್ ಮತ್ತು ಸಂಗಡಿಗರು 1928ರ ಸುಮಾರಿಗೆ ಯೂರಿಯಾದ ಮೇಲೆ ಅದೇ ಬಗೆಯ ಲೆಕ್ಕ ಕಟ್ಟಿದರು. ಗಿಡ್ಡ, ಉದ್ದ, ದಪ್ಪ, ತೆಳ್ಳಗಿನವರನ್ನು ಹೋಲಿಸಲು ಅವರು ಆರಿಸಿಕೊಂಡ ಅಳತೆ 1.73 ಚದರ ಮೀಟರ್. 25 ವರ್ಷದ ಅಮೆರಿಕನ್ನರ ಸರಾಸರಿ ಮೈಹಾಸು ಅದು. ಇವತ್ತು ಮೊಳಕಾಲ್ಮೂರಿನ ಒಂದು ಕೂಸಿನ ಮೂತ್ರಪಿಂಡದ ಶಕ್ತಿಯನ್ನು ಬರೆದರೂ ಕೊನೆಗೆ '1.73 ಚದರ ಮೀಟರಿಗೆ' ಎಂದು ಬರೆಯಬೇಕು. 1930ರ ದಶಕದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಹೋಮರ್ ಸ್ಮಿತ್ ಡೇಲಿಯಾ ಗೆಡ್ಡೆಯಂಥವುಗಳಿಂದ ಸಿಗುವ ಇನುಲಿನ್ ಎಂಬ ಸಕ್ಕರೆಯ ಬಳಗದ ವಸ್ತುವನ್ನು ರಕ್ತನಾಳಕ್ಕೆ ಹರಿಸಿ ಅಳೆಯುವ ಕ್ರಮವನ್ನು ಗಟ್ಟಿಗೊಳಿಸಿದ. ಮೈ ಅದನ್ನು ತಯಾರಿಸುವುದಿಲ್ಲ, ಬಳಸುವುದಿಲ್ಲ. ಮೂತ್ರಪಿಂಡ ಅದನ್ನು ಸೋಸುತ್ತದೆ, ಮತ್ತೆ ಹೀರಿಕೊಳ್ಳುವುದಿಲ್ಲ. ಅದಕ್ಕಿಂತ ಖಚಿತವಾದ ಅಳತೆ ಆಗ ಇನ್ನೊಂದಿರಲಿಲ್ಲ.

ದೊಡ್ಡವರಿಗೆ ಸರಿ. ಮಗುವಿಗೆ ಗಂಟೆಗಟ್ಟಲೆ ಡ್ರಿಪ್ ಹಾಕಿ, ಮೂತ್ರನಾಳಕ್ಕೆ ನಳಿಕೆ ತೂರಿಸಿ, ಮತ್ತೆ ಮತ್ತೆ ರಕ್ತ ಎಳೆಯುವುದೆಂದರೆ ಹಿಂಸೆ. ಇದಕ್ಕಿಂತ ಸುಲಭವಾದದ್ದು 24 ಗಂಟೆಯ ಮೂತ್ರ ಕೂಡಿಹಾಕಿ ಕ್ರಿಯಾಟಿನಿನ್ ಅಳೆಯುವುದು. ಆದರೆ ಎರಡು ವರ್ಷದ ಹುಡುಗಿಯಿಂದ ಒಂದು ಹನಿಯೂ ಬಿಡದೆ ಕೂಡಿಹಾಕುವುದು ಹೇಗೆ? ಅಂಟಿಸಿದ ಪ್ಲಾಸ್ಟಿಕ್ ಚೀಲ ಕಾಲಾಡಿಸಿದರೆ ಕಿತ್ತುಬರುತ್ತದೆ. ನಿದ್ದೆಯಲ್ಲಿ ಚಾಪೆ ಒದ್ದೆಯಾದರೆ ಇಡೀ ದಿನದ ಲೆಕ್ಕ ಹೋಯಿತು. ಮಕ್ಕಳ ವಾರ್ಡಿನಲ್ಲಿ ದುಡಿದ ಯಾವ ನರ್ಸನ್ನು ಕೇಳಿದರೂ ಈ ಪರೀಕ್ಷೆಯ ಪಾಡು ಹೇಳುತ್ತಾರೆ. ತಪ್ಪು ಮೂತ್ರದಿಂದ ಬಂದ ತಪ್ಪು ಅಂಕಿಯನ್ನು ಸರಿಯೆಂದು ನಂಬಿ ಔಷಧದ ಪ್ರಮಾಣ ಗೊತ್ತುಮಾಡುವುದು ಅಂಕಿಯೇ ಇಲ್ಲದಿರುವುದಕ್ಕಿಂತ ಅಪಾಯ.

1976ರಲ್ಲಿ ಈ ಕಗ್ಗಂಟು ಬಿಚ್ಚಿತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಜಾರ್ಜ್ ಶ್ವಾರ್ಟ್ಸ್ ಮತ್ತು ಅವನ ಜೊತೆಯವರಾದ ಹೇಕಾಕ್, ಎಡಲ್‌ಮನ್, ಸ್ಪಿಟ್ಜರ್ ಕೇಳಿಕೊಂಡ ಪ್ರಶ್ನೆ ಸರಳ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಮಗುವಿನ ಸ್ನಾಯುವನ್ನು ತೂಗಲಾಗದು, ಆದರೆ ಸ್ನಾಯುವಿನ ಜೊತೆಜೊತೆಗೆ ಬೆಳೆಯುವ ಸುಲಭದ ಅಳತೆ ಯಾವುದಾದರೂ ಇದೆಯೇ? ಇತ್ತು: ಎತ್ತರ. ಮೈಯ ಹಾಸಿಗೆ ಹೋಲಿಸಿದಾಗ ದಿನಕ್ಕೆ ಹುಟ್ಟುವ ಕ್ರಿಯಾಟಿನಿನ್ ಪ್ರಮಾಣ ಮಗುವಿನ ಎತ್ತರಕ್ಕೆ ತಕ್ಕಂತೆ ಏರುತ್ತದೆ ಎಂದು ಅವರು ಕಂಡರು. ಹಾಗಾದರೆ ಎತ್ತರವನ್ನು ರಕ್ತದ ಕ್ರಿಯಾಟಿನಿನ್‌ನಿಂದ ಭಾಗಿಸಿ ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿದರೆ ಸೋಸುವ ವೇಗ ಸಿಗಬೇಕು. 186 ಮಕ್ಕಳ ಅಂಕಿಗಳಿಂದ ಆ ಸಂಖ್ಯೆ 0.55 ಎಂದು ಹೊರಟಿತು. ಬೇರೆಯೇ 223 ಮಕ್ಕಳಲ್ಲಿ ಪರೀಕ್ಷಿಸಿದಾಗ ಇನುಲಿನ್ ಅಳತೆಗೂ ಮೂತ್ರದ ಅಳತೆಗೂ ಅದು ಚೆನ್ನಾಗಿ ಹೊಂದಿತು. ಮೂತ್ರದ ಚೀಲವಿಲ್ಲ, ನಳಿಕೆಯಿಲ್ಲ. ಒಂದು ಸೂಜಿ, ಗೋಡೆಯ ಮೇಲೊಂದು ಅಳತೆಪಟ್ಟಿ.

ಅದೇ ವರ್ಷ ಲಂಡನ್ನಿನ ಕೌನಹನ್, ಚಾಂಟ್ಲರ್, ಬ್ಯಾರಟ್ ಮುಂತಾದವರು ತಮ್ಮಲ್ಲಿಗೆ ಬಂದ ಮಕ್ಕಳ ಮೇಲೆ ಅಳೆದು ಇದೇ ಆಕಾರದ ಸೂತ್ರ ಪ್ರಕಟಿಸಿದರು. ಅವರ ಸ್ಥಿರ ಸಂಖ್ಯೆ ಮಾತ್ರ 0.43. ಅಟ್ಲಾಂಟಿಕ್ ಸಾಗರದ ಎರಡು ದಡದಲ್ಲಿ ಸಂಖ್ಯೆ ಇಷ್ಟು ಬೇರೆಯಾದದ್ದೇಕೆ ಎಂಬ ಪ್ರಶ್ನೆ ಆಗ ಹಿಂದೆ ಸರಿಯಿತು. ಶ್ವಾರ್ಟ್ಸ್ ಸೂತ್ರವೇ ಲೋಕದ ಮಕ್ಕಳ ವಾರ್ಡುಗಳಿಗೆಲ್ಲ ಹಬ್ಬಿತು. 1980ರ ದಶಕದಲ್ಲಿ ಶ್ವಾರ್ಟ್ಸ್ ಅದಕ್ಕೆ ತಿದ್ದುಪಡಿ ಸೇರಿಸಿದ: ತಿಂಗಳು ತುಂಬಿ ಹುಟ್ಟಿದ ಕೂಸಿಗೆ 0.45, ಸ್ನಾಯು ತುಂಬಿಕೊಳ್ಳುವ ಹರೆಯದ ಹುಡುಗರಿಗೆ 0.7.

ಭಾರತದಲ್ಲಿ ಮಕ್ಕಳ ಮೂತ್ರಪಿಂಡ ವೈದ್ಯ ಬೇರೆ ಶಾಖೆಯಾಗಿ ಕಣ್ಣುಬಿಟ್ಟದ್ದೂ ಈ ಕಾಲದಲ್ಲೇ. ದೆಹಲಿಯ ಏಮ್ಸ್‌ನಲ್ಲಿ ಡಾ. ಆರ್.ಎನ್. ಶ್ರೀವಾಸ್ತವ ಅದಕ್ಕೆ ಅಡಿಪಾಯ ಹಾಕಿದರು, ಅವರೂ ಡಾ. ಅರವಿಂದ ಬಗ್ಗಾ ಅವರೂ ಬರೆದ ಪಠ್ಯಪುಸ್ತಕ ದೇಶದ ಮಕ್ಕಳ ವೈದ್ಯರ ಕೈಪಿಡಿಯಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಡಾ. ಕಿಶೋರ್ ಫಡ್ಕೆ ಮಕ್ಕಳ ಮೂತ್ರಪಿಂಡ ವಿಭಾಗವನ್ನು ಬೆಳೆಸಿದರು. ಮಾಂಟ್ರಿಯಲ್‌ನ ಪಾಲ್ ಗುಡ್‌ಯರ್ ಮತ್ತು ಮಾರ್ಟಿನ್ ಬಿಟ್ಜನ್ ಜೊತೆ ಅವರು ಸಂಪಾದಿಸಿದ ಕೈಪಿಡಿ 2014ರಲ್ಲಿ ಬಂತು. ಏಮ್ಸ್‌ನ ಡಾ. ಪಂಕಜ್ ಹರಿ ಮತ್ತು ಸಂಗಡಿಗರು ಅಮೆರಿಕದ ಸೂತ್ರಗಳು ನಮ್ಮ ಮಕ್ಕಳಿಗೆ ಎಷ್ಟು ಹೊಂದುತ್ತವೆಂದು ಇಲ್ಲಿನ ಮಕ್ಕಳನ್ನೇ ಅಳೆದು ನೋಡಿದರು. ಅದು ತೀರ ಅಗತ್ಯವಾದ ಕೆಲಸ, ಏಕೆಂದರೆ ಸೂತ್ರದೊಳಗೆ ಕೂತಿರುವುದು ಅದನ್ನು ಕಟ್ಟಿದ ಮಕ್ಕಳ ಮೈಕಟ್ಟು.

ಈಗ ಆ ಅಗ್ಗಕ್ಕೆ ತೆರುವ ಬೆಲೆಯ ಮಾತಿಗೆ ಬರೋಣ. ಯಾಫೆಯ ಕಿತ್ತಳೆ ಬಣ್ಣವನ್ನು ಕ್ರಿಯಾಟಿನಿನ್ ಒಂದೇ ತರುವುದಿಲ್ಲ. ರಕ್ತದಲ್ಲಿನ ಪ್ರೋಟೀನು, ಗ್ಲೂಕೋಸು, ಕೀಟೋನು, ಕೆಲವು ಆಂಟಿಬಯಾಟಿಕ್‌ಗಳೂ ಅದಕ್ಕೆ ಕೈ ಸೇರಿಸುತ್ತವೆ. ಕಾಮಾಲೆಯಿದ್ದರೆ ಅಂಕಿ ತದ್ವಿರುದ್ಧವಾಗಿ ಇಳಿಯುತ್ತದೆ. ದೊಡ್ಡವರ 1.0ರಲ್ಲಿ 0.2 ಹೆಚ್ಚಾಗಿ ಕಂಡರೆ ಐದನೇ ಒಂದು ಪಾಲು ತಪ್ಪು. ಮಗುವಿನ 0.3ರಲ್ಲಿ ಅಷ್ಟೇ ಹೆಚ್ಚಾದರೆ ಮೂರರಲ್ಲಿ ಎರಡು ಪಾಲು ತಪ್ಪು. ಶ್ವಾರ್ಟ್ಸನ 0.55 ಹುಟ್ಟಿದ್ದು ಹೀಗೆ ಸ್ವಲ್ಪ ಹೆಚ್ಚು ತೋರಿಸುವ ಅಳತೆಯ ಜೊತೆ. ಸೂತ್ರವೂ ಅಳತೆಯೂ ಒಂದರ ತಪ್ಪನ್ನು ಇನ್ನೊಂದು ನುಂಗಿಕೊಂಡಿದ್ದವು. ಮುಂದೆ ಕಿಣ್ವ ಬಳಸುವ ಎಂಜೈಮ್ಯಾಟಿಕ್ ವಿಧಾನ ಬಂತು. 2006ರಿಂದ ಲೋಕದ ಲ್ಯಾಬುಗಳ ಅಳತೆಯನ್ನು ಮಾಸ್ ಸ್ಪೆಕ್ಟ್ರೋಮೀಟರಿನ ಖಚಿತ ಮಾನಕಕ್ಕೆ ಹೊಂದಿಸುವ ಪ್ರಯತ್ನ ನಡೆಯಿತು. ಅಳತೆ ಇಳಿಯಿತು, ಹಳೆಯ ಸೂತ್ರ ಇದ್ದಲ್ಲೇ ಇತ್ತು. ಪರಿಣಾಮವಾಗಿ ಸೋತ ಮೂತ್ರಪಿಂಡವೂ ಕಾಗದದ ಮೇಲೆ ಗಟ್ಟಿಯಾಗಿ ಕಾಣತೊಡಗಿತು.

ಶ್ವಾರ್ಟ್ಸ್ ತನ್ನ ಸೂತ್ರವನ್ನು ತಾನೇ ಬದಲಿಸಿದ. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳು ಕೂಡಿ ನಡೆಸಿದ 'ಸಿಕಿಡ್' ಅಧ್ಯಯನದ 349 ಮಕ್ಕಳಲ್ಲಿ ಅಯೋಹೆಕ್ಸಾಲ್ ಎಂಬ ದ್ರವ ಚುಚ್ಚಿ ಸೋಸುವ ವೇಗವನ್ನು ನಿಜವಾಗಿ ಅಳೆದು, 2009ರಲ್ಲಿ ಹೊಸ ಸ್ಥಿರ ಸಂಖ್ಯೆ ಕೊಟ್ಟ: 0.413. ಮೂವತ್ತಮೂರು ವರ್ಷದ ಹಿಂದೆ ಲಂಡನ್ನಿನವರು ಹೇಳಿದ 0.43ಕ್ಕೆ ಅದು ಬಂದು ತಾಗಿತ್ತು. 2021ರಲ್ಲಿ ಅದೇ ಅಧ್ಯಯನದವರು 'ಯು25' ಎಂಬ ಸೂತ್ರ ಕೊಟ್ಟರು. ಅದರಲ್ಲಿ ಸ್ಥಿರ ಸಂಖ್ಯೆ ಸ್ಥಿರವಾಗಿಲ್ಲ, ಮಗುವಿನ ವಯಸ್ಸು ಮತ್ತು ಹೆಣ್ಣೋ ಗಂಡೋ ಎಂಬುದರ ಮೇಲೆ ಬದಲಾಗುತ್ತದೆ. ಮೊದಲು ಹೇಳಿದ ಐದು ವರ್ಷದ, 105 ಸೆಂಟಿಮೀಟರಿನ, 0.9 ಕ್ರಿಯಾಟಿನಿನ್‌ನ ಹುಡುಗಿಗೆ 1976ರ ಸೂತ್ರ 64 ಎನ್ನುತ್ತದೆ, 2009ರದು 48, 2021ರದು 40. 60ರ ಮೇಲಿದ್ದರೆ ಮೂತ್ರಪಿಂಡ ರೋಗದ ಎರಡನೇ ಹಂತ, ಕೆಳಗಿಳಿದರೆ ಮೂರನೇ ಹಂತ. ಅಮಿಕಾಸಿನ್‌ನಂಥ ಔಷಧವನ್ನು ಎಷ್ಟು ಗಂಟೆಗೊಮ್ಮೆ ಕೊಡಬೇಕೆಂಬುದು ಈ ಅಂಕಿಯ ಮೇಲೆ ನಿಂತಿದೆ. ನಮ್ಮ ಎಷ್ಟೋ ಲ್ಯಾಬುಗಳು ಇಂದಿಗೂ ಜಾಫೆ ವಿಧಾನದಲ್ಲೇ ಇವೆ. ಅವುಗಳ ಅಂಕಿಗೆ 0.413 ಹಚ್ಚಿದರೆ ಗಟ್ಟಿ ಮೂತ್ರಪಿಂಡವೂ ಸೋತಂತೆ ಕಾಣಬಹುದು. ವಿಧಾನ ಯಾವುದೆಂದು ಚೀಟಿಯ ಮೇಲೆ ಅಚ್ಚು ಹಾಕುವುದು ಲ್ಯಾಬಿಗೆ ಒಂದು ಸಾಲಿನ ಕೆಲಸ. ಮಗುವಿನ ಎತ್ತರ ಕೇಳಿ ಬರೆದುಕೊಳ್ಳುವುದು ಇನ್ನೊಂದು ಸಾಲಿನದು. ಇವೆರಡನ್ನೂ ಕಡ್ಡಾಯ ಮಾಡದಿರುವುದಕ್ಕೆ ನನಗೆ ಒಪ್ಪುವಂಥ ಯಾವ ಕಾರಣವೂ ತೋರುವುದಿಲ್ಲ.

ಎತ್ತರ ಸಿಕ್ಕರೆ ಸಾಕೇ ಎಂಬಲ್ಲಿ ರಾಂಪುರದಂಥ ಊರಿನ ನಿಜವಾದ ಕಷ್ಟ ಶುರುವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಕುಗ್ಗಿದ ಮಗುವಿನಲ್ಲಿ ಸೂತ್ರ ಎರಡು ಕಡೆಗೆ ಎಳೆಯುತ್ತದೆ. ಎತ್ತರ ಕಡಿಮೆಯಾದ್ದರಿಂದ ಲೆಕ್ಕ ಕೆಳಗಿಳಿಯುತ್ತದೆ. ಸ್ನಾಯು ಎತ್ತರಕ್ಕಿಂತಲೂ ಹೆಚ್ಚು ಕರಗಿದ್ದರೆ ಕ್ರಿಯಾಟಿನಿನ್ ಇಳಿದು ಲೆಕ್ಕ ಮೇಲೇರುತ್ತದೆ. 98 ಸೆಂಟಿಮೀಟರಿನ ಬಡಕಲು ಮಗುವಿನ ಅಂಕಿ 0.4 ಇದ್ದರೆ ಉತ್ತರ 101. ಸ್ನಾಯು ಇನ್ನಷ್ಟು ಬತ್ತಿ ಅಂಕಿ 0.3 ಆದರೆ 135. ಮೂತ್ರಪಿಂಡದಲ್ಲಿ ಏನೂ ಬದಲಾಗಿಲ್ಲ, ತೋಳಿನ ಮಾಂಸ ಮಾತ್ರ ಕರಗಿದೆ. ಅಂಥ ಮಗುವಿಗೆ ನಿಜವಾದ ರೋಗ ಬಂದು ಅಂಕಿ 0.6ಕ್ಕೆ ಏರಿದರೂ ಅದು ಚೀಟಿಯ ದೊಡ್ಡವರ ಮಿತಿಯ ಅಡಿಯಲ್ಲೇ ಕೂತಿರುತ್ತದೆ. ಇದಕ್ಕೆ ಮತ್ತೊಂದು ಗಂಟು ಸೇರುತ್ತದೆ: ಹುಟ್ಟಿನಿಂದಲೇ ಮೂತ್ರಪಿಂಡದ ದೋಷವಿರುವ ಮಕ್ಕಳು ಆ ದೋಷದಿಂದಲೇ ಬೆಳೆಯುವುದಿಲ್ಲ. 'ಊಟ ಸೇರಲ್ಲ, ಮೈ ಹತ್ತಲ್ಲ' ಎಂದು ತಾಯಿ ಹೇಳುವ ಮಗು ಹಸಿವಿನಿಂದ ಕುಗ್ಗಿದೆಯೋ, ಮೂತ್ರಪಿಂಡದಿಂದ ಕುಗ್ಗಿದೆಯೋ ಹೊರನೋಟಕ್ಕೆ ತಿಳಿಯದು. ಅಂಗನವಾಡಿ ಕಾರ್ಯಕರ್ತೆ ತಿಂಗಳು ತಿಂಗಳು ಬರೆದಿಡುವ ಎತ್ತರದ ಗೆರೆ ಚಪ್ಪಟೆಯಾಗಿರುವ ಮಗುವಿಗೆ ಮೊಟ್ಟೆ, ಹಾಲಿನ ಜೊತೆ ಒಮ್ಮೆ ಮೂತ್ರ ಮತ್ತು ಬಿ.ಪಿ. ಪರೀಕ್ಷೆಯೂ ಸಿಗಬೇಕು.

ದೇಶ ಮಟ್ಟದಲ್ಲಿ ಮಕ್ಕಳ ಕ್ರಿಯಾಟಿನಿನ್ ಅಳೆದ ದೊಡ್ಡ ಪ್ರಯತ್ನ 2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ. ಅದರ ಅಂಕಿಗಳನ್ನು ಆಧರಿಸಿದ ವಿಶ್ಲೇಷಣೆಯೊಂದು 5ರಿಂದ 19 ವರ್ಷದವರಲ್ಲಿ ನೂರಕ್ಕೆ ಸುಮಾರು ಐವರ ಸೋಸುವ ವೇಗ ತಗ್ಗಿದೆ ಎಂದಿತು. ಹಳ್ಳಿಯ ವಾಸ, ತಾಯಿಯ ಓದು ಕಡಿಮೆ ಇರುವುದು, ಕುಗ್ಗಿದ ಬೆಳವಣಿಗೆ ಇವು ಅದರ ಜೊತೆ ನಂಟಿರುವ ಸಂಗತಿಗಳಾಗಿ ಕಂಡವು. ಒಮ್ಮೆ ಮಾತ್ರ ತೆಗೆದ ರಕ್ತದಿಂದ ದೀರ್ಘಕಾಲದ ರೋಗ ಎಂದು ಹೇಳಲಾಗದು, ಮೂರು ತಿಂಗಳ ಅಂತರದಲ್ಲಿ ಮತ್ತೆ ನೋಡಬೇಕು. ಕುಗ್ಗಿದ ಎತ್ತರ ಸೂತ್ರದೊಳಗೇ ಇರುವುದರಿಂದ ಆ ನಂಟಿನಲ್ಲಿ ಎಷ್ಟು ರೋಗ, ಎಷ್ಟು ಲೆಕ್ಕದ ನೆರಳು ಎಂದು ಬಿಡಿಸಿ ನೋಡಬೇಕಾಗಿದೆ.

ಸ್ನಾಯುವಿನ ಹಂಗಿಲ್ಲದ ಗುರುತೊಂದು ಇದೆ. 1961ರಲ್ಲಿ ಡೆನ್ಮಾರ್ಕಿನ ಯೋರ್ಗೆನ್ ಕ್ಲಾಸೆನ್ ಮಿದುಳು ಬಳ್ಳಿಯ ದ್ರವದಲ್ಲಿ ಕಂಡ ಒಂದು ಪುಟ್ಟ ಪ್ರೋಟೀನು ಎರಡು ದಶಕ ಹೆಚ್ಚು ಗಮನಕ್ಕೆ ಬಾರದೆಯೇ ಇತ್ತು. ಸ್ವೀಡನ್ನಿನ ಲುಂಡ್ ನಗರದ ಆಂಡರ್ಸ್ ಗ್ರೂಬ್ 1982ರಲ್ಲಿ ಅದರ 120 ಅಮೈನೋ ಆಮ್ಲಗಳ ಸರಣಿಯನ್ನು ಓದಿದ. ಸಿಸ್ಟಾಟಿನ್ ಸಿ ಎಂಬ ಹೆಸರು ಬಂದ ಮರುವರ್ಷ, 1985ರಲ್ಲಿ, ರಕ್ತದಲ್ಲಿ ಅದರ ಮಟ್ಟ ಸೋಸುವ ವೇಗವನ್ನು ಹೇಳುತ್ತದೆ ಎಂದು ಅವನೂ ಜೊತೆಯವರೂ ತೋರಿಸಿದರು. ನ್ಯೂಕ್ಲಿಯಸ್ ಇರುವ ಮೈಯ ಎಲ್ಲ ಕೋಶಗಳೂ ಅದನ್ನು ಒಂದೇ ಸಮನೆ ಹುಟ್ಟಿಸುತ್ತವೆ. ಮಾಂಸಖಂಡ ಹೆಚ್ಚಿದ್ದರೂ ಕಡಿಮೆಯಿದ್ದರೂ ಅದಕ್ಕೆ ಅಷ್ಟಾಗಿ ಲೆಕ್ಕವಿಲ್ಲ. ಒಂದು ವರ್ಷ ದಾಟಿದ ಮಗುವಿಗೂ ದೊಡ್ಡವರಿಗೂ ಹೆಚ್ಚುಕಡಿಮೆ ಒಂದೇ ಮಿತಿ, ಎತ್ತರವೂ ಬೇಡ. ಬಡಕಲು ಮಗುವಿಗೆ, ಸ್ನಾಯುರೋಗದಿಂದ ಕಾಲು ಬತ್ತಿದ ಮಗುವಿಗೆ ಕ್ರಿಯಾಟಿನಿನ್‌ಗಿಂತ ಇದು ಹೆಚ್ಚು ಹೊಂದುತ್ತದೆ. ಶ್ವಾರ್ಟ್ಸ್ ಬಳಗ 2012ರಲ್ಲಿ ಕ್ರಿಯಾಟಿನಿನ್, ಸಿಸ್ಟಾಟಿನ್ ಎರಡನ್ನೂ ಕೂಡಿಸಿದ ಸೂತ್ರ ಕೊಟ್ಟಿತು, ಅದು ಒಂಟಿ ಅಂಕಿಗಳಿಗಿಂತ ನಿಜಕ್ಕೆ ಹತ್ತಿರ ಬರುತ್ತದೆ. ಆದರೆ ಅದರ ಬೆಲೆ ಕ್ರಿಯಾಟಿನಿನ್ ಪರೀಕ್ಷೆಯ ಹಲವು ಪಟ್ಟು. ಅದಕ್ಕೊಂದು ಬಲೆಯೂ ಇದೆ. ಮಕ್ಕಳಲ್ಲಿ ಮುಖ ಊದುವಂತೆ ಮಾಡುವ ನೆಫ್ರೋಟಿಕ್ ಕಾಯಿಲೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಸಿಸ್ಟಾಟಿನ್ ಮಟ್ಟವನ್ನು ತಾನೇ ಏರಿಸುತ್ತದೆ. ಥೈರಾಯ್ಡ್ ಏರುಪೇರಿನಲ್ಲೂ ಅಂಕಿ ದಾರಿ ತಪ್ಪುತ್ತದೆ. ಆದ್ದರಿಂದ ಆ ಮಕ್ಕಳಲ್ಲಿ ಹಳೆಯ ಕ್ರಿಯಾಟಿನಿನ್ ಮತ್ತು ಅಳತೆಪಟ್ಟಿಯನ್ನೇ ನೆಚ್ಚಬೇಕು.

ಬೇಗ ತಿಳಿದರೆ ಮಾಡುವುದಾದರೂ ಏನು ಎಂದು ಕೇಳುವವರಿಗೆ 2009ರಲ್ಲೇ ಉತ್ತರ ಬಂದಿದೆ. ಯುರೋಪಿನ ಆಸ್ಪತ್ರೆಗಳಲ್ಲಿ 385 ಮಕ್ಕಳ ಮೇಲೆ ಐದು ವರ್ಷ ನಡೆದ 'ಎಸ್ಕೇಪ್' ಅಧ್ಯಯನದಲ್ಲಿ ಎಲ್ಲರಿಗೂ ರಾಮಿಪ್ರಿಲ್ ಮಾತ್ರೆ ಕೊಟ್ಟರು. ಒಂದು ಗುಂಪಿನಲ್ಲಿ ಬಿ.ಪಿ.ಯನ್ನು ಮಾಮೂಲಿಗಿಂತ ಕೆಳಗೆ ಬಿಗಿಯಾಗಿ ಹಿಡಿದರು. ಮಾಮೂಲಿ ಗುಂಪಿನಲ್ಲಿ ನೂರಕ್ಕೆ 42 ಮಕ್ಕಳ ಮೂತ್ರಪಿಂಡದ ಶಕ್ತಿ ಅರ್ಧಕ್ಕಿಳಿಯಿತು ಅಥವಾ ಪೂರ್ತಿ ಸೋತಿತು, ಬಿಗಿಯಾಗಿ ಹಿಡಿದ ಗುಂಪಿನಲ್ಲಿ 30. ರಾಮಿಪ್ರಿಲ್ ದುಬಾರಿ ಔಷಧವಲ್ಲ, ದೊಡ್ಡವರ ಬಿ.ಪಿ.ಗೆ ಎಲ್ಲ ಊರಿನ ಮೆಡಿಕಲ್ ಶಾಪಿನಲ್ಲೂ ಸಿಗುವಂಥದ್ದು. ಮಗುವಿಗೆ ಅದನ್ನು ಮಕ್ಕಳ ವೈದ್ಯರ ನಿಗಾದಲ್ಲೇ ಕೊಡಬೇಕು. ಶುರುಮಾಡಿದ ಒಂದೆರಡು ವಾರಕ್ಕೆ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ನೋಡಬೇಕು, ಆಮೇಲೆ ಕೆಲವು ತಿಂಗಳಿಗೊಮ್ಮೆ ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ. ರಕ್ತ ಕೊಟ್ಟ ದಿನವೇ ಎತ್ತರವನ್ನೂ ಅಳೆಸಿ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ; ಮುಂದಿನ ಆಸ್ಪತ್ರೆಯ ವೈದ್ಯರಿಗೆ ಹಳೆಯ ಚೀಟಿಯ ಅಂಕಿ ಉಪಯೋಗಕ್ಕೆ ಬರುವುದು ಆ ಎತ್ತರ ಜೊತೆಗಿದ್ದರೆ ಮಾತ್ರ.